ಮೀಸಲು ಪೈಲಟ್

ಮೀಸಲು ಪೈಲಟ್ ಎಂದರೆ ಯಾವುದೇ ನಿರ್ದಿಷ್ಟ ಹಾರಾಟಕ್ಕೆ ಮುಂಚಿತವಾಗಿ ನಿಯುಕ್ತಿಗೊಳ್ಳದೆ, ವಿಮಾನಯಾನ ಸಂಸ್ಥೆಯಿಂದ ಕರೆ ಬಂದಾಗ ಕರ್ತವ್ಯಕ್ಕೆ ಹಾಜರಾಗಲು ಸಿದ್ಧರಾಗಿರಬೇಕಾದ ವಿಮಾನ ಚಾಲಕರು. ನಿಯುಕ್ತ ಪೈಲಟ್ ಅನಾರೋಗ್ಯಕ್ಕೆ ಒಳಗಾದಾಗ, ಹವಾಮಾನ ವೈಪರೀತ್ಯದಿಂದ ವಿಮಾನಗಳು ತಡವಾದಾಗ ಅಥವಾ ಹಾರಾಟದಲ್ಲಿರುವ ಸಿಬ್ಬಂದಿಯ ಕರ್ತವ್ಯಾವಧಿ ಮುಗಿದುಹೋದಾಗ ಇವರನ್ನು ಕರೆಸಿಕೊಳ್ಳಲಾಗುತ್ತದೆ. ಭಾರತದ ವಿಮಾನಯಾನ ವಲಯದಲ್ಲಿ ಈ ಕರ್ತವ್ಯಕ್ಕೆ 'ಸ್ಟ್ಯಾಂಡ್‌ಬೈ' ಎಂಬ ಹೆಸರು ರೂಢಿಯಲ್ಲಿದೆ; ಅಮೆರಿಕದಲ್ಲಿ ಇದನ್ನು 'ರಿಸರ್ವ್' ಎನ್ನುತ್ತಾರೆ.

ಮೀಸಲು ಪೈಲಟ್‌ಗಳ ಕುರಿತಾದ ವಿವಾದಗಳಿಗೆ ಮೂಲವಾಗಿರುವ ಪ್ರಶ್ನೆಗಳು ಎರಡು. ಕರೆಗಾಗಿ ಕಾಯುವ ಸಮಯವು ಕೆಲಸವೋ, ವಿಶ್ರಾಂತಿಯೋ ಎಂಬುದು ಮೊದಲನೆಯದು. ಬಹುಪಾಲು ದಿನಗಳಲ್ಲಿ ಕರೆ ಬಾರದೆ ಉಳಿಯುವ ಈ ಸಿಬ್ಬಂದಿಯನ್ನು ಎಷ್ಟು ಸಂಖ್ಯೆಯಲ್ಲಿ ಇಟ್ಟುಕೊಳ್ಳಬೇಕು, ಅದರ ವೆಚ್ಚವನ್ನು ಯಾರು ಹೊರಬೇಕು ಎಂಬುದು ಎರಡನೆಯದು. ಪೈಲಟ್‌ಗಳ ವಿಶ್ರಾಂತಿಗೆ ಸಂಬಂಧಿಸಿದ ನಿಯಮಗಳು ಎಷ್ಟೇ ಕಟ್ಟುನಿಟ್ಟಾಗಿದ್ದರೂ ಅವು ಆಚರಣೆಗೆ ಬರುವುದು ಸಾಕಷ್ಟು ಮೀಸಲು ಸಿಬ್ಬಂದಿ ಇದ್ದಾಗ ಮಾತ್ರ. ಮಂಗಳೂರು ಮತ್ತು ಕೋಯಿಕ್ಕೋಡ್ ವಿಮಾನ ಅಪಘಾತಗಳ ತನಿಖಾ ವರದಿಗಳು ಹಾಗೂ 2025ರ ಡಿಸೆಂಬರ್ ತಿಂಗಳ ಇಂಡಿಗೋ ಬಿಕ್ಕಟ್ಟು ಈ ಕಾರಣಕ್ಕಾಗಿ ವಿಷಯದ ಅಧ್ಯಯನದಲ್ಲಿ ಮುಖ್ಯವಾಗಿವೆ.

ವ್ಯಾಖ್ಯೆ ಮತ್ತು ವಿಧಗಳು

ವಿಮಾನಯಾನ ನಿಯಮಗಳಲ್ಲಿ ಕೆಲವು ಪದಗಳಿಗೆ ನಿರ್ದಿಷ್ಟ ಅರ್ಥವಿದೆ. 'ಹಾರಾಟದ ಅವಧಿ' ಎಂದರೆ ವಿಮಾನವು ಹೊರಡಲು ಮೊದಲು ಚಲಿಸಿದ ಕ್ಷಣದಿಂದ ಹಾರಾಟ ಮುಗಿಸಿ ಕೊನೆಗೆ ನಿಲ್ಲುವವರೆಗಿನ ಸಮಯ. 'ಹಾರಾಟ ಕರ್ತವ್ಯಾವಧಿ' ಇದಕ್ಕಿಂತ ದೀರ್ಘವಾದುದು. ಪೈಲಟ್ ಕರ್ತವ್ಯಕ್ಕೆ ವರದಿ ಮಾಡಿಕೊಂಡ ಕ್ಷಣದಿಂದ ಆ ದಿನದ ಕೊನೆಯ ಹಾರಾಟ ಮುಗಿಯುವವರೆಗಿನ ಸಮಯವೆಲ್ಲ ಅದರಲ್ಲಿ ಸೇರುತ್ತದೆ. ಎರಡು ಹಾರಾಟಗಳ ನಡುವೆ ನಿಲ್ದಾಣದಲ್ಲಿ ಕಳೆಯುವ ಹೊತ್ತೂ ಇದರ ಭಾಗವೇ. 'ವಿಶ್ರಾಂತಿ ಅವಧಿ' ಎಂದರೆ ಪೈಲಟ್ ಎಲ್ಲ ಕರ್ತವ್ಯಗಳಿಂದಲೂ ಮುಕ್ತರಾಗಿರುವ ಸಮಯ.

ಮೀಸಲು ಕರ್ತವ್ಯವು ಈ ಮೂರರ ನಡುವೆ ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಮೂರು ವಿಧಗಳನ್ನು ಗುರುತಿಸಲಾಗುತ್ತದೆ.

ಮೊದಲನೆಯದು ನಿಲ್ದಾಣದ ಸ್ಟ್ಯಾಂಡ್‌ಬೈ. ಪೈಲಟ್ ಸಮವಸ್ತ್ರ ಧರಿಸಿ ವಿಮಾನ ನಿಲ್ದಾಣದಲ್ಲಿಯೇ ಇರುತ್ತಾರೆ. ಕರೆ ಬಂದ ಕೂಡಲೇ ವಿಮಾನ ಏರುತ್ತಾರೆ. ಎರಡನೆಯದು ಮನೆಯ ಅಥವಾ ಹೋಟೆಲಿನ ಸ್ಟ್ಯಾಂಡ್‌ಬೈ. ಇಲ್ಲಿ ಪೈಲಟ್ ತಂಗಿರುವ ಜಾಗದಲ್ಲಿಯೇ ಇರಬಹುದಾದರೂ ದೂರವಾಣಿಗೆ ಸಿಗುವಂತಿರಬೇಕು ಮತ್ತು ನಿಗದಿತ ಸಮಯದೊಳಗೆ ನಿಲ್ದಾಣ ತಲುಪಬೇಕು. ಮೂರನೆಯದು ದೀರ್ಘ ಮುನ್ಸೂಚನೆಯ ಮೀಸಲು. ಯುರೋಪಿನ ನಿಯಮಗಳ ಪ್ರಕಾರ ಇದರಲ್ಲಿ ಕನಿಷ್ಠ 10 ಗಂಟೆಗಳ ಮುನ್ಸೂಚನೆ ನೀಡಬೇಕು. ಆದ್ದರಿಂದ ಪೈಲಟ್ ಕರೆ ಬಂದ ಬಳಿಕವೂ ನಿದ್ರಿಸಿ ಹೊರಡಲು ಅವಕಾಶವಿರುತ್ತದೆ.

ಕಾರ್ಯವಿಧಾನ

ವಿಮಾನಯಾನ ಸಂಸ್ಥೆಯು ಪ್ರತಿ ತಿಂಗಳಿಗೂ ಮುಂಚಿತವಾಗಿ ಸಿಬ್ಬಂದಿಯ ಕರ್ತವ್ಯ ಪಟ್ಟಿಯನ್ನು ಸಿದ್ಧಪಡಿಸುತ್ತದೆ. ಇದಕ್ಕೆ 'ರೋಸ್ಟರ್' ಎನ್ನುತ್ತಾರೆ. ಅಮೆರಿಕದ ದೊಡ್ಡ ಸಂಸ್ಥೆಗಳಲ್ಲಿ ಪೈಲಟ್‌ಗಳು ತಮಗೆ ಬೇಕಾದ ಹಾರಾಟಗಳಿಗೂ ರಜಾ ದಿನಗಳಿಗೂ ಕೋರಿಕೆ ಸಲ್ಲಿಸುತ್ತಾರೆ. ಸೇವಾ ಹಿರಿತನದ ಕ್ರಮದಲ್ಲಿ ಹಂಚಿಕೆ ನಡೆಯುವುದರಿಂದ ಹಿರಿಯರಿಗೆ ನಿಶ್ಚಿತ ವೇಳಾಪಟ್ಟಿ ದೊರೆಯುತ್ತದೆ, ಕಿರಿಯರು ಹೆಚ್ಚಾಗಿ ಮೀಸಲು ಪಟ್ಟಿಯಲ್ಲಿ ಉಳಿಯುತ್ತಾರೆ. ಭಾರತದ ಸಂಸ್ಥೆಗಳಲ್ಲಿ ಪ್ರತ್ಯೇಕ ಮೀಸಲು ವರ್ಗವಿರುವುದು ವಿರಳ. ಅದೇ ಪೈಲಟ್‌ಗೆ ತಿಂಗಳಿನ ಕೆಲವು ದಿನ ಹಾರಾಟ, ಕೆಲವು ದಿನ ಸ್ಟ್ಯಾಂಡ್‌ಬೈ ಎಂದು ರೋಸ್ಟರಿನಲ್ಲಿ ನಮೂದಾಗಿರುತ್ತದೆ.

ಮೀಸಲು ಪೈಲಟ್‌ನ ನಿಯೋಜನೆಗೆ ತಾಂತ್ರಿಕ ಮಿತಿಗಳೂ ಇವೆ. ಒಂದು ಮಾದರಿಯ ವಿಮಾನವನ್ನು ನಡೆಸಲು ಅರ್ಹತೆ ಪಡೆದವರು ಬೇರೆ ಮಾದರಿಯದನ್ನು ನಡೆಸುವಂತಿಲ್ಲ. ಕ್ಯಾಪ್ಟನ್‌ನ ಬದಲಿಗೆ ಸಹಪೈಲಟ್‌ನನ್ನು ಕಳುಹಿಸುವಂತಿಲ್ಲ. ಮಂಗಳೂರಿನಂತಹ ಎತ್ತರದ ಸಮತಟ್ಟಿನ ಮೇಲಿರುವ ನಿಲ್ದಾಣಗಳಲ್ಲಿ ವಿಮಾನ ಇಳಿಸಲು ವಿಶೇಷ ಅನುಭವ ಹಾಗೂ ಅನುಮತಿ ಬೇಕಾಗುತ್ತದೆ. ಹೀಗಾಗಿ ಒಟ್ಟು ಪೈಲಟ್‌ಗಳ ಸಂಖ್ಯೆ ಸಾಕಷ್ಟಿದ್ದರೂ, ಬೇಕಾದ ಊರಿನಲ್ಲಿ, ಬೇಕಾದ ದರ್ಜೆಯ, ಬೇಕಾದ ಅರ್ಹತೆಯ ಪೈಲಟ್ ಇಲ್ಲದಿದ್ದರೆ ವಿಮಾನ ಹೊರಡುವುದಿಲ್ಲ.

ವಿವಾದದ ವಿಷಯಗಳು

ಮೀಸಲು ಕರ್ತವ್ಯದ ಬಗ್ಗೆ ಪೈಲಟ್‌ಗಳಿಗೂ ಸಂಸ್ಥೆಗಳಿಗೂ ನಡುವೆ ಸಾಮಾನ್ಯವಾಗಿ ಕೆಳಗಿನ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಉಂಟಾಗುತ್ತದೆ.

ಕಾಯುವ ಸಮಯದ ಲೆಕ್ಕ: ಮನೆಯಲ್ಲಿ ಕಾದ ಸಮಯವನ್ನು ಕರ್ತವ್ಯದ ಗಂಟೆಗಳಿಗೆ ಪೂರ್ತಿಯಾಗಿ ಸೇರಿಸಬೇಕೇ, ಭಾಗಶಃ ಸೇರಿಸಬೇಕೇ ಅಥವಾ ಬಿಟ್ಟುಬಿಡಬೇಕೇ ಎಂಬ ಪ್ರಶ್ನೆ.

ಎಚ್ಚರದ ಒಟ್ಟು ಅವಧಿ: ಬೆಳಿಗ್ಗೆ 5 ಗಂಟೆಗೆ ಮೀಸಲು ಕರ್ತವ್ಯ ಆರಂಭಿಸಿದ ಪೈಲಟ್‌ಗೆ ಮಧ್ಯಾಹ್ನ 3 ಗಂಟೆಗೆ ಕರೆ ಬಂದು, ಹಾರಾಟ ಮುಗಿಯುವಾಗ ನಡುರಾತ್ರಿಯಾದರೆ, ಆತ ಹತ್ತೊಂಬತ್ತು ಗಂಟೆ ಎಚ್ಚರವಿದ್ದಂತಾಗುತ್ತದೆ. ಹಾರಾಟದ ಗಂಟೆಗಳನ್ನು ಮಾತ್ರ ಲೆಕ್ಕ ಹಾಕಿದರೆ ಈ ದಣಿವು ದಾಖಲೆಯಲ್ಲಿ ಕಾಣಿಸುವುದಿಲ್ಲ.

ಕರೆಯ ಸರದಿ: ಮೀಸಲಿನಲ್ಲಿರುವ ಹಲವರ ಪೈಕಿ ಮೊದಲು ಯಾರನ್ನು ಕರೆಯಬೇಕು ಎಂಬುದಕ್ಕೆ ಒಪ್ಪಂದಗಳಲ್ಲಿ ಕ್ರಮವಿರುತ್ತದೆ. ಆ ಕ್ರಮವನ್ನು ಮೀರಿ ಕರೆದರೆ ದೂರು ದಾಖಲಾಗುತ್ತದೆ.

ರಜಾ ದಿನದ ಬದಲಾವಣೆ: ಪ್ರಕಟವಾದ ರೋಸ್ಟರನ್ನು ಬದಲಿಸಿ ವಾರದ ರಜೆಯನ್ನು ಮುಂದೂಡುವುದು ಅಥವಾ ಅದನ್ನು ಸ್ಟ್ಯಾಂಡ್‌ಬೈ ದಿನವಾಗಿ ಪರಿವರ್ತಿಸುವುದು.

ಖಾತರಿ ವೇತನ: ಪೈಲಟ್‌ಗಳ ವೇತನದ ಬಹುಭಾಗ ಹಾರಾಟದ ಗಂಟೆಗಳನ್ನು ಅವಲಂಬಿಸಿದೆ. ಕರೆ ಬಾರದ ಮೀಸಲು ಪೈಲಟ್‌ಗೆ ತಿಂಗಳಿಗೆ ಇಂತಿಷ್ಟು ಗಂಟೆಗಳ ವೇತನವನ್ನಾದರೂ ಖಾತರಿಯಾಗಿ ನೀಡಬೇಕೆಂಬ ಷರತ್ತು ಒಪ್ಪಂದಗಳಲ್ಲಿ ಇರುತ್ತದೆ. ಆ ಗಂಟೆಗಳನ್ನು ಕಡಿಮೆ ಮಾಡಿದಾಗ ವಿವಾದ ಹುಟ್ಟುತ್ತದೆ.

ದಣಿವಿನ ನಿವೇದನೆ: ತಾನು ದಣಿದಿದ್ದೇನೆ, ಹಾರಾಟ ನಡೆಸಲಾರೆ ಎಂದು ಪೈಲಟ್ ತಿಳಿಸಿದಾಗ ಅದನ್ನು ಸುರಕ್ಷತೆಯ ಮಾಹಿತಿಯೆಂದು ಸ್ವೀಕರಿಸಬೇಕೇ, ಗೈರುಹಾಜರಿ ಎಂದು ಪರಿಗಣಿಸಬೇಕೇ ಎಂಬ ಪ್ರಶ್ನೆ.

ಅಮೆರಿಕ ಮತ್ತು ಯುರೋಪಿನಲ್ಲಿ

ಪೈಲಟ್‌ಗಳ ಕೆಲಸದ ಗಂಟೆಗಳಿಗೆ ಮಿತಿ ಹಾಕುವ ಪ್ರಯತ್ನವು ವಾಣಿಜ್ಯ ವಿಮಾನಯಾನದ ಆರಂಭದ ದಿನಗಳಷ್ಟೇ ಹಳೆಯದು. ಅಮೆರಿಕದ ಪೈಲಟ್‌ಗಳ ಸಂಘವು 1931ರಲ್ಲಿ ಸ್ಥಾಪನೆಯಾಯಿತು. 1934ರಲ್ಲಿ ಅಲ್ಲಿನ ರಾಷ್ಟ್ರೀಯ ಕಾರ್ಮಿಕ ಮಂಡಳಿಯು ನೀಡಿದ 83ನೆಯ ತೀರ್ಮಾನವು ತಿಂಗಳಿಗೆ 85 ಗಂಟೆಗಳ ಹಾರಾಟವನ್ನು ಗರಿಷ್ಠ ಮಿತಿಯೆಂದು ನಿಗದಿಪಡಿಸಿತು. 1926ರ ರೈಲ್ವೆ ಕಾರ್ಮಿಕ ಕಾಯಿದೆಯನ್ನು 1936ರಲ್ಲಿ ವಿಮಾನಯಾನಕ್ಕೂ ವಿಸ್ತರಿಸಲಾಯಿತು. ಇದರಿಂದಾಗಿ ಅಲ್ಲಿ ಸಂಘಗಳೊಡನೆ ಸಾಮೂಹಿಕ ಒಪ್ಪಂದ ಮಾಡಿಕೊಳ್ಳುವ ಪದ್ಧತಿ ನೆಲೆಗೊಂಡಿತು. ರೋಸ್ಟರ್, ಮೀಸಲು ಮತ್ತು ಕರೆಯ ಸರದಿಯ ನಿಯಮಗಳು ಆ ಒಪ್ಪಂದಗಳ ದೊಡ್ಡ ಭಾಗವಾಗಿವೆ. ಅವುಗಳ ಉಲ್ಲಂಘನೆಯಾದರೆ ದೂರು ಮತ್ತು ಪಂಚಾಯ್ತಿಯ ಮೂಲಕ ತೀರ್ಮಾನವಾಗುತ್ತದೆ.

2009ರ ಫೆಬ್ರವರಿ 12ರಂದು ಬಫಲೊ ನಗರದ ಬಳಿ ಕೋಲ್ಗನ್ ಏರ್ ಸಂಸ್ಥೆಯ ವಿಮಾನ ಪತನಗೊಂಡು, ನೆಲದ ಮೇಲಿದ್ದ ಒಬ್ಬರೂ ಸೇರಿ 50 ಮಂದಿ ಮೃತಪಟ್ಟರು. ಈ ದುರಂತದ ಬಳಿಕ ಪೈಲಟ್‌ಗಳ ದಣಿವಿನ ವಿಷಯ ಮುನ್ನೆಲೆಗೆ ಬಂದು, ಹೊಸ ನಿಯಮಗಳು 2014ರ ಜನವರಿ 4ರಿಂದ ಜಾರಿಯಾದವು. ಅವುಗಳ ಪ್ರಕಾರ ನಿಲ್ದಾಣದಲ್ಲಿ ಕಾದ ಸಮಯ ಪೂರ್ತಿಯಾಗಿ ಹಾರಾಟ ಕರ್ತವ್ಯಾವಧಿಗೆ ಸೇರುತ್ತದೆ. ಅಲ್ಪ ಮುನ್ಸೂಚನೆಯ ಮೀಸಲು ಅವಧಿ 14 ಗಂಟೆಗಳನ್ನು ಮೀರಬಾರದು. ಎಂದಿನಂತೆ ಇಬ್ಬರೇ ಪೈಲಟ್‌ಗಳು ನಡೆಸುವ ಹಾರಾಟಕ್ಕೆ ಕರೆ ಬಂದರೆ, ಕಾದ ಸಮಯ ಮತ್ತು ಹಾರಾಟ ಕರ್ತವ್ಯ ಎರಡೂ ಸೇರಿ 16 ಗಂಟೆಗಳನ್ನು ದಾಟುವಂತಿಲ್ಲ. ಸರಕು ಸಾಗಣೆಯ ವಿಮಾನಗಳನ್ನು ಮಾತ್ರ ಈ ನಿಯಮಗಳಿಂದ ಹೊರಗಿಡಲಾಯಿತು.

ಯುರೋಪಿನ ಒಕ್ಕೂಟದಲ್ಲಿ 2016ರ ಫೆಬ್ರವರಿಯಿಂದ ಏಕರೂಪದ ನಿಯಮಗಳು ಜಾರಿಯಲ್ಲಿವೆ. ಅಲ್ಲಿ ಮನೆಯ ಸ್ಟ್ಯಾಂಡ್‌ಬೈ ಗರಿಷ್ಠ 16 ಗಂಟೆ, ಅದರ ಶೇ. 25ರಷ್ಟನ್ನು ಒಟ್ಟು ಕರ್ತವ್ಯದ ಗಂಟೆಗಳಿಗೆ ಸೇರಿಸಲಾಗುತ್ತದೆ. ಸ್ಟ್ಯಾಂಡ್‌ಬೈ ಮತ್ತು ಹಾರಾಟ ಸೇರಿ ಪೈಲಟ್ 18 ಗಂಟೆಗಿಂತ ಹೆಚ್ಚು ಕಾಲ ಎಚ್ಚರವಿರಬೇಕಾಗುವಂತೆ ನಿಯೋಜಿಸಬಾರದು.

ಮೀಸಲು ಸಿಬ್ಬಂದಿಯ ಮಹತ್ವವನ್ನು ತೋರಿಸಿದ ಎರಡು ಪ್ರಸಂಗಗಳು 2017ರಲ್ಲಿ ನಡೆದವು. ಆ ವರ್ಷದ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ರ್ಯಾನೇರ್ ಸಂಸ್ಥೆಯು ಪೈಲಟ್‌ಗಳ ರಜೆಯ ಹಂಚಿಕೆಯಲ್ಲಿ ತಪ್ಪೆಸಗಿ, ಆರು ವಾರಗಳ ಕಾಲ ದಿನಕ್ಕೆ 40ರಿಂದ 50 ಹಾರಾಟಗಳನ್ನು ರದ್ದುಪಡಿಸುವುದಾಗಿ ಪ್ರಕಟಿಸಿತು. ನವೆಂಬರಿನಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯ ಗಣಕಯಂತ್ರ ವ್ಯವಸ್ಥೆಯಲ್ಲಿ ದೋಷ ಉಂಟಾಗಿ, ಕ್ರಿಸ್‌ಮಸ್ ಹೊತ್ತಿಗೆ ಅಗತ್ಯಕ್ಕಿಂತ ಹೆಚ್ಚು ಪೈಲಟ್‌ಗಳಿಗೆ ರಜೆ ಮಂಜೂರಾಯಿತು. ಸಾವಿರಾರು ಹಾರಾಟಗಳಿಗೆ ಪೈಲಟ್‌ಗಳೇ ಇರಲಿಲ್ಲ. ಸಂಸ್ಥೆಯು ಮೀಸಲು ಪೈಲಟ್‌ಗಳನ್ನು ಬಳಸುವುದಾಗಿಯೂ, ಸ್ವಇಚ್ಛೆಯಿಂದ ಬರುವವರಿಗೆ ಒಂದೂವರೆ ಪಟ್ಟು ವೇತನ ನೀಡುವುದಾಗಿಯೂ ತಿಳಿಸಿತು. ಸಂಘದೊಡನೆ ಚರ್ಚಿಸದೆ ಇಂತಹ ವೇತನ ಘೋಷಿಸುವುದು ಒಪ್ಪಂದದ ಉಲ್ಲಂಘನೆ ಎಂದು ಪೈಲಟ್‌ಗಳ ಸಂಘ ದೂರು ಸಲ್ಲಿಸಿತು. ಕೊನೆಗೆ ಎರಡು ಪಟ್ಟು ವೇತನಕ್ಕೆ ಒಪ್ಪಂದವಾಗಿ ಹಾರಾಟಗಳು ನಡೆದವು.

ಭಾರತದಲ್ಲಿ ನಿಯಮಗಳ ಬೆಳವಣಿಗೆ

ಭಾರತದಲ್ಲಿ ಪೈಲಟ್‌ಗಳ ಕೆಲಸದ ಗಂಟೆಗಳನ್ನು ನಿಗದಿಪಡಿಸುವ ಅಧಿಕಾರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ) ಸೇರಿದೆ. 1934ರ ವಿಮಾನ ಕಾಯಿದೆ ಮತ್ತು 1937ರ ವಿಮಾನ ನಿಯಮಗಳು ಇದಕ್ಕೆ ದೀರ್ಘಕಾಲ ಆಧಾರವಾಗಿದ್ದವು. 1934ರ ಕಾಯಿದೆಯ ಸ್ಥಾನದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ, 2024 ಜಾರಿಗೆ ಬಂದಿದೆ. ಮಹಾನಿರ್ದೇಶನಾಲಯ ಹೊರಡಿಸುವ ನಿಯಮಾವಳಿಯನ್ನು 'ಹಾರಾಟ ಕರ್ತವ್ಯಾವಧಿ ಮಿತಿ' ಅಥವಾ ಸಂಕ್ಷೇಪವಾಗಿ 'ಎಫ್‌ಡಿಟಿಎಲ್' ಎನ್ನುತ್ತಾರೆ.

1992ರ ಸುತ್ತೋಲೆಯೊಂದು ಹಲವು ವರ್ಷ ಈ ವಿಷಯದಲ್ಲಿ ಬಳಕೆಯಲ್ಲಿತ್ತು. 2007ರಲ್ಲಿ ಪೈಲಟ್‌ಗಳಿಗೆ ಹೆಚ್ಚು ವಿಶ್ರಾಂತಿ ನೀಡುವ ಹೊಸ ನಿಯಮಾವಳಿಯನ್ನು ಪ್ರಕಟಿಸಲಾಯಿತು. ವಿಮಾನಯಾನ ಸಂಸ್ಥೆಗಳು ಆಕ್ಷೇಪ ವ್ಯಕ್ತಪಡಿಸಿದ ಬಳಿಕ 2008ರ ಮೇ ತಿಂಗಳಲ್ಲಿ ಅದನ್ನು ತಡೆಹಿಡಿದು, 1992ರ ಸುತ್ತೋಲೆಯನ್ನೇ ಮತ್ತೆ ಅನ್ವಯಿಸಲಾಯಿತು. ಪೈಲಟ್ ಸಂಘಗಳ ಜಂಟಿ ಕ್ರಿಯಾ ಸಮಿತಿಯು ನ್ಯಾಯಾಲಯದ ಮೊರೆ ಹೋಯಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಸಾಗಿ, 2011ರ ಮೇ ತಿಂಗಳಲ್ಲಿ ಸಮಿತಿಯ ಮೇಲ್ಮನವಿ ವಜಾಗೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಮಹಾನಿರ್ದೇಶನಾಲಯವು ಹೊಸ ನಿಯಮಾವಳಿಯನ್ನು ಹೊರಡಿಸಿತು. ಅದರಲ್ಲಿ ಹಾರಾಟಕ್ಕೆ ಏಳು ದಿನಗಳಲ್ಲಿ 35 ಗಂಟೆ ಮತ್ತು ವರ್ಷದಲ್ಲಿ 1,000 ಗಂಟೆಗಳ ಮಿತಿ, ವಾರಕ್ಕೆ ನಿರಂತರ 36 ಗಂಟೆಗಳ ವಿಶ್ರಾಂತಿ ಹಾಗೂ ಸ್ಟ್ಯಾಂಡ್‌ಬೈ ಕುರಿತ ನಿಬಂಧನೆಗಳು ಸೇರಿದ್ದವು.

2024ರ ಜನವರಿಯಲ್ಲಿ ಈ ನಿಯಮಾವಳಿಯನ್ನು ಪರಿಷ್ಕರಿಸಲಾಯಿತು. ಮುಖ್ಯ ಬದಲಾವಣೆಗಳು ಹೀಗಿವೆ: ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. 'ರಾತ್ರಿ' ಎಂಬುದರ ವ್ಯಾಪ್ತಿ ನಡುರಾತ್ರಿಯಿಂದ ಬೆಳಗಿನ 5 ಗಂಟೆಯವರೆಗೆ ಇದ್ದುದು 6 ಗಂಟೆಯವರೆಗೆ ವಿಸ್ತಾರಗೊಂಡಿತು. ರಾತ್ರಿಯ ಅವಧಿಯನ್ನು ಒಳಗೊಳ್ಳುವ ಕರ್ತವ್ಯದಲ್ಲಿ ವಿಮಾನ ಇಳಿಸುವ ಸಂಖ್ಯೆ ಆರರಿಂದ ಎರಡಕ್ಕೆ ಇಳಿಯಿತು. ಅಂತಹ ಕರ್ತವ್ಯದಲ್ಲಿ ಹಾರಾಟಕ್ಕೆ 8 ಗಂಟೆ, ಹಾರಾಟ ಕರ್ತವ್ಯಕ್ಕೆ 10 ಗಂಟೆಗಳ ಮಿತಿ ಬಂತು. ದಣಿವಿನ ಕುರಿತು ಸಂಸ್ಥೆಗಳು ಮೂರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕೆಂದೂ ವಿಧಿಸಲಾಯಿತು.

ಈ ನಿಯಮಗಳು 2024ರ ಜೂನ್ 1ರಿಂದ ಜಾರಿಯಾಗಬೇಕಿದ್ದವು. ಸಾಕಷ್ಟು ಪೈಲಟ್‌ಗಳನ್ನು ಸಿದ್ಧಪಡಿಸಿಕೊಳ್ಳಲು ಕಾಲಾವಕಾಶ ಬೇಕೆಂದು ಸಂಸ್ಥೆಗಳು ಕೋರಿದ ಹಿನ್ನೆಲೆಯಲ್ಲಿ ಜಾರಿಯನ್ನು ಮುಂದೂಡಲಾಯಿತು. ಪೈಲಟ್ ಸಂಘಗಳ ಅರ್ಜಿಗಳು ದೆಹಲಿ ಹೈಕೋರ್ಟಿನಲ್ಲಿ ವಿಚಾರಣೆಗೆ ಬಂದು, 22 ಅಂಶಗಳ ಪೈಕಿ 15 ಅಂಶಗಳನ್ನು 2025ರ ಜುಲೈ 1ರಿಂದಲೂ ಉಳಿದವನ್ನು ನವೆಂಬರ್ 1ರಿಂದಲೂ ಜಾರಿಗೊಳಿಸುವ ಕಾಲಪಟ್ಟಿ ನಿಗದಿಯಾಯಿತು.

ಕರಾವಳಿಯ ಎರಡು ಅಪಘಾತಗಳು

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಉದ್ಯೋಗಕ್ಕಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೋಗಿಬರುವ ಇಲ್ಲಿನ ಜನರು ಮುಖ್ಯವಾಗಿ ಮಂಗಳೂರು ವಿಮಾನ ನಿಲ್ದಾಣವನ್ನು ಅವಲಂಬಿಸಿದ್ದಾರೆ. ಗಡಿಯಾಚೆಯ ಕಣ್ಣೂರು ನಿಲ್ದಾಣವು 2018ರ ಡಿಸೆಂಬರಿನಲ್ಲಿ ಆರಂಭವಾಯಿತು. ಕೊಲ್ಲಿಯಿಂದ ಕರಾವಳಿಗೆ ಬರುವ ವಿಮಾನಗಳಲ್ಲಿ ಹಲವು ರಾತ್ರಿಯಿಡೀ ಹಾರಿ ನಸುಕಿನಲ್ಲಿ ಇಳಿಯುತ್ತವೆ. ಆದ್ದರಿಂದ ರಾತ್ರಿ ಕರ್ತವ್ಯದ ನಿಯಮಗಳು ಈ ಪ್ರದೇಶದ ಪ್ರಯಾಣಿಕರಿಗೆ ನೇರವಾಗಿ ಸಂಬಂಧಿಸಿವೆ.

2010ರ ಮೇ 22ರಂದು ಬೆಳಿಗ್ಗೆ ಸುಮಾರು 6 ಗಂಟೆ 5 ನಿಮಿಷಕ್ಕೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ಬೋಯಿಂಗ್ 737-800 ವಿಮಾನವು ಮಂಗಳೂರಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮೃತಪಟ್ಟರು. ಎಂಟು ಮಂದಿ ಬದುಕುಳಿದರು. ಮೃತರಲ್ಲಿ ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಜಿಲ್ಲೆಗಳವರು ಬಹಳ ಮಂದಿ ಇದ್ದರು. ಅದೇ ಪೈಲಟ್‌ಗಳು ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ವಿಮಾನ ನಡೆಸಿ, ಅಲ್ಲಿಂದ ಮರಳುತ್ತಿದ್ದರು.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯವು ಸರಿಯಾಗಿ ಸ್ಥಿರಗೊಳ್ಳದ ಇಳಿತವನ್ನು ಕೈಬಿಡದೆ ಮುಂದುವರಿಸಿದ್ದನ್ನು ಅಪಘಾತದ ನೇರ ಕಾರಣವೆಂದು ಗುರುತಿಸಿತು. ಇಳಿತವನ್ನು ಬಿಟ್ಟು ಮೇಲೇರುವಂತೆ ಸಹಪೈಲಟ್ ಮೂರು ಬಾರಿ ಸೂಚಿಸಿದ್ದರು. ಕಾಕ್‌ಪಿಟ್ ಧ್ವನಿಮುದ್ರಿಕೆಯ ಎರಡು ಗಂಟೆ ಐದು ನಿಮಿಷಗಳಲ್ಲಿ ಸುಮಾರು ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ರಿಸಿದ್ದರು. ದೀರ್ಘ ನಿದ್ರೆಯಿಂದ ಎದ್ದ ಬಳಿಕ ಉಳಿಯುವ ಮಂಕು ಅವರ ನಿರ್ಣಯಶಕ್ತಿಯನ್ನು ಕುಂದಿಸಿರಬಹುದೆಂದು ವರದಿ ಹೇಳಿತು. ಹಾರಾಟಕ್ಕೆ ಮುನ್ನ ಸಿಬ್ಬಂದಿಗೆ ನಿಯಮದಂತೆ ವಿಶ್ರಾಂತಿ ದೊರೆತಿತ್ತು ಎಂಬುದು ಗಮನಾರ್ಹ. ಗಂಟೆಗಳ ಲೆಕ್ಕ ಸರಿಯಿದ್ದರೂ, ದೇಹವು ಸಹಜವಾಗಿ ನಿದ್ರೆ ಬಯಸುವ ನಸುಕಿನ ಹೊತ್ತಿನ ಕರ್ತವ್ಯವನ್ನು ಬೇರೆಯಾಗಿಯೇ ಪರಿಗಣಿಸಬೇಕೆಂಬ ವಾದಕ್ಕೆ ಈ ಪ್ರಕರಣ ನಿದರ್ಶನವಾಯಿತು.

2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ ಅದೇ ಸಂಸ್ಥೆಯ ಮತ್ತೊಂದು ವಿಮಾನವು ಮಳೆಯಲ್ಲಿ ರನ್‌ವೇ ದಾಟಿ ಬಿದ್ದು, ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಮೃತಪಟ್ಟರು. ಇದು ಮೀಸಲು ಸಿಬ್ಬಂದಿಯ ಪ್ರಶ್ನೆಗೆ ಇನ್ನೂ ಹತ್ತಿರದ ಪ್ರಕರಣ. ಮರುದಿನ ಬೆಳಿಗ್ಗೆ ಅಲ್ಲಿಂದ ಹೊರಡಬೇಕಿದ್ದ ಹಾರಾಟವನ್ನು ನಡೆಸಬೇಕೆಂಬ ಉದ್ದೇಶವು, ಬೇರೆ ನಿಲ್ದಾಣಕ್ಕೆ ಹೋಗದೆ ಅಲ್ಲಿಯೇ ಇಳಿಯುವ ಕ್ಯಾಪ್ಟನ್‌ನ ತೀರ್ಮಾನದ ಮೇಲೆ ಪ್ರಭಾವ ಬೀರಿತ್ತು ಎಂದು ವಿಮಾನ ಅಪಘಾತ ತನಿಖಾ ಸಂಸ್ಥೆಯ 2021ರ ವರದಿ ಹೇಳಿತು. ಕೋಯಿಕ್ಕೋಡ್ ನೆಲೆಯಲ್ಲಿ 26 ಸಹಪೈಲಟ್‌ಗಳಿದ್ದರೂ ಕ್ಯಾಪ್ಟನ್ ಒಬ್ಬರೇ ಇದ್ದರು ಎಂಬುದನ್ನೂ ವರದಿ ದಾಖಲಿಸಿತು. ಬದಲಿಗೆ ಬರುವವರು ಇಲ್ಲ ಎಂಬ ಅರಿವು ಕರ್ತವ್ಯದಲ್ಲಿರುವವರ ತೀರ್ಮಾನಗಳ ಮೇಲೆ ಒತ್ತಡವಾಗುತ್ತದೆ ಎಂಬುದು ಇದರಿಂದ ತಿಳಿದುಬರುತ್ತದೆ.

ಒಪ್ಪಂದ ಮತ್ತು ರೋಸ್ಟರ್ ವಿವಾದಗಳು

ಅಮೆರಿಕದಲ್ಲಿರುವಂತಹ ವಿಸ್ತಾರವಾದ ಸಾಮೂಹಿಕ ಒಪ್ಪಂದಗಳು ಭಾರತದ ಖಾಸಗಿ ವಿಮಾನಯಾನ ಸಂಸ್ಥೆಗಳಲ್ಲಿ ರೂಢಿಯಲ್ಲಿಲ್ಲ. ಇಲ್ಲಿ ಪೈಲಟ್‌ನ ಸೇವಾ ಷರತ್ತುಗಳು ಮುಖ್ಯವಾಗಿ ವೈಯಕ್ತಿಕ ನೇಮಕಾತಿ ಒಪ್ಪಂದದಲ್ಲಿ ಅಡಕವಾಗಿರುತ್ತವೆ. ಗಂಟೆಗಳ ಮಿತಿಯು ಮಹಾನಿರ್ದೇಶನಾಲಯದ ನಿಯಮಾವಳಿಯಿಂದ ಬರುತ್ತದೆ. 2017ರಿಂದ ರಾಜೀನಾಮೆಗೆ ಕ್ಯಾಪ್ಟನ್‌ಗಳು ಒಂದು ವರ್ಷ, ಸಹಪೈಲಟ್‌ಗಳು ಆರು ತಿಂಗಳ ಮುನ್ಸೂಚನೆ ನೀಡಬೇಕೆಂಬ ನಿಯಮವಿದೆ. 2023ರಲ್ಲಿ ಆಕಾಸಾ ಏರ್ ಸಂಸ್ಥೆಯ ಹಲವು ಪೈಲಟ್‌ಗಳು ಈ ಅವಧಿಯನ್ನು ಪೂರೈಸದೆ ಹೊರನಡೆದಾಗ ಹಾರಾಟಗಳು ರದ್ದಾಗಿ, ಪ್ರಕರಣ ನ್ಯಾಯಾಲಯಗಳ ಮೆಟ್ಟಿಲೇರಿತು.

2024ರ ಏಪ್ರಿಲ್‌ನಲ್ಲಿ ವಿಸ್ತಾರಾ ಸಂಸ್ಥೆಯಲ್ಲಿ ಉಂಟಾದ ಬಿಕ್ಕಟ್ಟು ಖಾತರಿ ವೇತನಕ್ಕೆ ಸಂಬಂಧಿಸಿದ್ದಾಗಿತ್ತು. ಏರ್ ಇಂಡಿಯಾದೊಡನೆ ವಿಲೀನಕ್ಕೆ ಮುನ್ನ ಪೈಲಟ್‌ಗಳ ಮುಂದಿಟ್ಟ ಹೊಸ ಒಪ್ಪಂದದಲ್ಲಿ, ತಿಂಗಳಿಗೆ 70 ಗಂಟೆಗಳಿಗೆ ಇದ್ದ ಖಾತರಿ ವೇತನವನ್ನು 40 ಗಂಟೆಗಳಿಗೆ ಇಳಿಸಲಾಗಿತ್ತು. ಬಿಗಿಯಾದ ರೋಸ್ಟರ್ ಬಗ್ಗೆಯೂ ಅಸಮಾಧಾನವಿತ್ತು. ಹಲವು ಪೈಲಟ್‌ಗಳು ಅನಾರೋಗ್ಯ ರಜೆ ಹಾಕಿದಾಗ ಅವರ ಸ್ಥಾನ ತುಂಬಲು ಸಾಕಷ್ಟು ಮೀಸಲು ಸಿಬ್ಬಂದಿ ಇರಲಿಲ್ಲ. ಸಂಸ್ಥೆಯು ದಿನಕ್ಕೆ 25ರಿಂದ 30 ಹಾರಾಟಗಳನ್ನು ಕಡಿತಗೊಳಿಸಿ, ರೋಸ್ಟರಿನಲ್ಲಿ ಬಿಡುವು ಹೆಚ್ಚಿಸಲು ಕ್ರಮ ಕೈಗೊಂಡಿತು.

ಮರುತಿಂಗಳು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ವಿಮಾನ ಪರಿಚಾರಕ ಸಿಬ್ಬಂದಿ ಸಾಮೂಹಿಕವಾಗಿ ಅನಾರೋಗ್ಯ ರಜೆ ಹಾಕಿದರು. ಕಣ್ಣೂರು ಸೇರಿದಂತೆ ಹಲವು ನಿಲ್ದಾಣಗಳಿಂದ ಕೊಲ್ಲಿಗೆ ಹೊರಡಬೇಕಿದ್ದ ವಿಮಾನಗಳು ರದ್ದಾದವು. ಸಂಸ್ಥೆಯು 25 ಮಂದಿಯನ್ನು ವಜಾಗೊಳಿಸಿತು. ಮೇ 9ರಂದು ದೆಹಲಿಯಲ್ಲಿ ಕೇಂದ್ರ ಮುಖ್ಯ ಕಾರ್ಮಿಕ ಆಯುಕ್ತರ ಸಮ್ಮುಖದಲ್ಲಿ ನಡೆದ ಸಭೆಯ ಬಳಿಕ ವಜಾ ಆದೇಶ ಹಿಂದೆಗೆಯಲಾಯಿತು.

2025ರ ಡಿಸೆಂಬರ್ ಬಿಕ್ಕಟ್ಟು

2025ರ ನವೆಂಬರ್ 1ರಂದು ಪರಿಷ್ಕೃತ ನಿಯಮಗಳ ಎರಡನೆಯ ಹಂತ ಜಾರಿಗೆ ಬಂದ ಒಂದು ತಿಂಗಳಲ್ಲಿ, ದೇಶದ ಆಂತರಿಕ ಪ್ರಯಾಣಿಕರಲ್ಲಿ ಶೇ. 60ಕ್ಕಿಂತ ಹೆಚ್ಚು ಪಾಲು ಹೊಂದಿದ್ದ ಇಂಡಿಗೋ ಸಂಸ್ಥೆಯ ಹಾರಾಟಗಳು ಅಸ್ತವ್ಯಸ್ತಗೊಂಡವು. ಡಿಸೆಂಬರ್ ಮೊದಲ ವಾರದಲ್ಲಿ ಸಾವಿರಾರು ಹಾರಾಟಗಳು ರದ್ದಾದವು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ರದ್ದಾದವು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಆ ದಿನ ನೂರಕ್ಕೂ ಹೆಚ್ಚು ಹಾರಾಟಗಳು ನಿಂತವು. ಮಂಗಳೂರಿನಿಂದ ಬೆಂಗಳೂರು, ಮುಂಬೈ ಮೊದಲಾದೆಡೆಗೆ ಹೋಗುವ ವಿಮಾನಗಳೂ ರದ್ದಾದವು. ಹುಬ್ಬಳ್ಳಿಯಲ್ಲಿ ಏರ್ಪಡಿಸಿದ್ದ ಆರತಕ್ಷತೆಯೊಂದಕ್ಕೆ ವಧೂವರರೇ ತಲುಪಲಾಗದೆ ವಿಡಿಯೊ ಮೂಲಕ ಪಾಲ್ಗೊಂಡ ಘಟನೆ ಪತ್ರಿಕೆಗಳಲ್ಲಿ ವರದಿಯಾಯಿತು.

ಆ ಸಂದರ್ಭದಲ್ಲಿ ಪ್ರಕಟವಾದ ವಿವರಗಳ ಪ್ರಕಾರ ಹೊಸ ನಿಯಮಗಳಡಿ ಸಂಸ್ಥೆಗೆ 2,422 ಕ್ಯಾಪ್ಟನ್‌ಗಳ ಅಗತ್ಯವಿತ್ತು, ಇದ್ದವರು 2,357. ಸಹಪೈಲಟ್‌ಗಳ ಸಂಖ್ಯೆಯಲ್ಲಿ ಕೊರತೆ ಇರಲಿಲ್ಲ. ಒಟ್ಟು ಲೆಕ್ಕದಲ್ಲಿ 65 ಕ್ಯಾಪ್ಟನ್‌ಗಳ ಕೊರತೆ ಸಣ್ಣದೆಂದು ತೋರಬಹುದು. ಆದರೆ ಇಡೀ ಜಾಲದಲ್ಲಿ ಬಿಡುವಿನ ಸಿಬ್ಬಂದಿ ಇಲ್ಲದಿರುವಾಗ ಒಂದು ವಿಮಾನ ತಡವಾದರೆ ಅದರ ಪೈಲಟ್‌ಗಳ ಕರ್ತವ್ಯಾವಧಿ ಮುಗಿಯುತ್ತದೆ. ಅವರು ಮುಂದೆ ನಡೆಸಬೇಕಿದ್ದ ಹಾರಾಟಕ್ಕೆ ಬದಲಿ ಸಿಗುವುದಿಲ್ಲ. ಆ ವಿಮಾನ ಹೊರಡದಿದ್ದರೆ ಮತ್ತೊಂದು ಊರಿನಲ್ಲಿ ಕಾದಿರುವ ಸಿಬ್ಬಂದಿಯ ಅವಧಿಯೂ ಮುಗಿಯುತ್ತದೆ. ಮೀಸಲು ಸಿಬ್ಬಂದಿ ಈ ಸರಪಳಿಯನ್ನು ಆರಂಭದಲ್ಲಿಯೇ ತುಂಡರಿಸುತ್ತಾರೆ.

ಡಿಸೆಂಬರ್ 5ರಂದು ಮಹಾನಿರ್ದೇಶನಾಲಯವು ರಾತ್ರಿ ಕರ್ತವ್ಯದ ಕೆಲವು ನಿಬಂಧನೆಗಳಿಂದ ಇಂಡಿಗೋ ಸಂಸ್ಥೆಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ನೀಡಿತು. ವಾರದ ವಿಶ್ರಾಂತಿಯ ಬದಲಾಗಿ ರಜೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ಸೂಚನೆಯನ್ನು ಎಲ್ಲ ಸಂಸ್ಥೆಗಳಿಗೂ ಅನ್ವಯವಾಗುವಂತೆ ಹಿಂದೆಗೆಯಿತು. ಸರಕಾರವು ಪ್ರಯಾಣ ದರಕ್ಕೆ ತಾತ್ಕಾಲಿಕ ಮಿತಿ ವಿಧಿಸಿತು, 500 ಕಿ.ಮೀ. ಒಳಗಿನ ಪ್ರಯಾಣಕ್ಕೆ ಇದು 7,500 ರೂಪಾಯಿ ಆಗಿತ್ತು. ಬಳಿಕ ಸಂಸ್ಥೆಯ ಹಾರಾಟಗಳನ್ನು ಶೇ. 10ರಷ್ಟು ಕಡಿತಗೊಳಿಸಲು ಆದೇಶಿಸಲಾಯಿತು. ಪೈಲಟ್ ಸಂಘಗಳು ವಿನಾಯಿತಿಯನ್ನು ವಿರೋಧಿಸಿದವು. ಸಿದ್ಧತೆಗೆ ಎರಡು ವರ್ಷಗಳಷ್ಟು ಕಾಲ ದೊರೆತಿದ್ದರೂ ಸಂಸ್ಥೆ ನೇಮಕಾತಿ ಮಾಡಿಕೊಳ್ಳಲಿಲ್ಲ, ಸುರಕ್ಷತೆಗಾಗಿ ಮಾಡಿದ ನಿಯಮವನ್ನು ಅನನುಕೂಲವಾದಾಗ ಸಡಿಲಿಸಬಾರದು ಎಂಬುದು ಅವುಗಳ ವಾದವಾಗಿತ್ತು.

ಇತರ ಸಾರಿಗೆ ವೃತ್ತಿಗಳೊಡನೆ ಹೋಲಿಕೆ

ಕಾಯುವ ಸಮಯದ ಪ್ರಶ್ನೆ ವಿಮಾನಯಾನಕ್ಕೆ ಮಾತ್ರ ಸೀಮಿತವಲ್ಲ. ಬಸ್ಸು ಮತ್ತು ರೈಲು ಸೇವೆಗಳಿಗೆ ಸಂಬಂಧಿಸಿದ ಭಾರತದ ಕಾನೂನುಗಳು ಇದಕ್ಕೆ ಬೇರೆ ಬೇರೆ ಉತ್ತರಗಳನ್ನು ನೀಡಿವೆ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಚಾಲಕ ಮತ್ತು ನಿರ್ವಾಹಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿ ವಿಧಿಸಿತ್ತು. ದೂರದ ಮಾರ್ಗಗಳಲ್ಲಿ ಹಾಗೂ ಹಬ್ಬ ಮುಂತಾದ ಸಂದರ್ಭಗಳಲ್ಲಿ ಇದನ್ನು 10 ಮತ್ತು 54 ಗಂಟೆಗಳವರೆಗೆ ವಿಸ್ತರಿಸಬಹುದಾಗಿತ್ತು. ಕೊನೆಯ ನಿಲ್ದಾಣದಲ್ಲಿ ಸುಮ್ಮನೆ ಕಾಯುವ ಸಮಯ 15 ನಿಮಿಷಕ್ಕಿಂತ ಕಡಿಮೆಯಿದ್ದರೆ ಅದನ್ನು ಕೆಲಸದ ಅವಧಿ ಎಂದೇ ಈ ಕಾಯಿದೆ ಪರಿಗಣಿಸಿತ್ತು. ಅದಕ್ಕಿಂತ ಹೆಚ್ಚು ಹೊತ್ತು ಬಸ್ಸು ನಿಂತರೆ ಆ ಸಮಯ ಯಾರದ್ದು ಎಂಬ ಪ್ರಶ್ನೆ ಉಳಿಯುತ್ತದೆ. ಪುತ್ತೂರು ಮತ್ತು ಸುಳ್ಯದಂತಹ ಕಡೆ, ರಾತ್ರಿ ಹಳ್ಳಿಯ ಕೊನೆಯ ನಿಲ್ದಾಣದಲ್ಲಿ ತಂಗಿ ಬೆಳಿಗ್ಗೆ ಮರಳುವ ಬಸ್ಸುಗಳ ಸಿಬ್ಬಂದಿಗೆ ಇದು ಪರಿಚಿತ ವಿಷಯ. 2025ರ ನವೆಂಬರ್ 21ರಿಂದ ಜಾರಿಯಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯು ಈ ಕಾಯಿದೆಯ ಸ್ಥಾನ ಪಡೆದಿದೆ.

ರೈಲ್ವೆಯಲ್ಲಿ ಕಾಯುವಿಕೆಯ ಪ್ರಮಾಣವನ್ನೇ ಆಧರಿಸಿ ಉದ್ಯೋಗಗಳನ್ನು ವರ್ಗೀಕರಿಸಲಾಗಿದೆ. 1989ರ ರೈಲ್ವೆ ಕಾಯಿದೆಯ ಪ್ರಕಾರ ತೀವ್ರ ಏಕಾಗ್ರತೆ ಬೇಡುವ ಕೆಲಸಕ್ಕೆ ವಾರಕ್ಕೆ ಸರಾಸರಿ 45 ಗಂಟೆ, ನಿರಂತರ ಕೆಲಸಕ್ಕೆ 54 ಗಂಟೆ, ನಡುನಡುವೆ ದೀರ್ಘ ಬಿಡುವಿರುವ ಕೆಲಸಕ್ಕೆ 75 ಗಂಟೆಗಳ ಮಿತಿಯಿದೆ. ಕಬಕ ಪುತ್ತೂರು ಹಾಗೂ ಕಡಬ ತಾಲೂಕಿನ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ಮೂಲಕ ಘಟ್ಟ ಏರುವ ಮಂಗಳೂರು–ಹಾಸನ ಮಾರ್ಗದ ಸಿಬ್ಬಂದಿಗೂ ಇದೇ ಕಾಯಿದೆ ಅನ್ವಯಿಸುತ್ತದೆ. ಇಲ್ಲಿ ಕಾಯುವ ಸಮಯವನ್ನು ಕೆಲಸವೆಂದು ಒಪ್ಪಿಕೊಂಡು, ಅದಕ್ಕೆ ಕಡಿಮೆ ತೂಕ ನೀಡಲಾಗಿದೆ.

ವಾದ ಮತ್ತು ಪ್ರತಿವಾದ

ಮೀಸಲು ಸಿಬ್ಬಂದಿಯನ್ನು ಹೆಚ್ಚಿಸುವುದರಿಂದ ವೆಚ್ಚ ಏರುತ್ತದೆ, ಅದು ಕೊನೆಗೆ ಟಿಕೆಟಿನ ದರದಲ್ಲಿ ಸೇರುತ್ತದೆ ಎಂಬುದು ವಿಮಾನಯಾನ ಸಂಸ್ಥೆಗಳ ವಾದ. ಒಬ್ಬ ಸಹಪೈಲಟ್ ಕ್ಯಾಪ್ಟನ್ ಆಗಲು ವರ್ಷಗಳ ಅನುಭವ ಮತ್ತು ತರಬೇತಿ ಬೇಕಾದ್ದರಿಂದ ಸಿಬ್ಬಂದಿಯನ್ನು ತಕ್ಷಣ ಹೆಚ್ಚಿಸಲು ಸಾಧ್ಯವಿಲ್ಲ ಎಂದೂ ಅವು ಹೇಳುತ್ತವೆ. ಮನೆಯಲ್ಲಿ ಕಾಯುವ ಪೈಲಟ್ ನಿದ್ರಿಸಲು ಅವಕಾಶವಿರುವುದರಿಂದ ಆ ಸಮಯವನ್ನು ಪೂರ್ತಿ ಕೆಲಸವೆಂದು ಲೆಕ್ಕಿಸಲಾಗದು ಎಂಬುದೂ ಅವುಗಳ ನಿಲುವು.

ಯಾವ ಕ್ಷಣದಲ್ಲಿಯೂ ಕರೆ ಬರಬಹುದೆಂಬ ಸ್ಥಿತಿಯಲ್ಲಿ ಬರುವ ನಿದ್ರೆ ನಿಜವಾದ ವಿಶ್ರಾಂತಿಯಲ್ಲ ಎಂದು ಪೈಲಟ್ ಸಂಘಗಳು ಪ್ರತಿಪಾದಿಸುತ್ತವೆ. ಮೀಸಲಿನಲ್ಲಿರುವವರು ಸಂಸ್ಥೆಯ ಅಧೀನದಲ್ಲಿರುತ್ತಾರೆಯೇ ಹೊರತು ಸ್ವತಂತ್ರರಾಗಿರುವುದಿಲ್ಲ. ಮದ್ಯ ಸೇವಿಸುವಂತಿಲ್ಲ, ಊರು ಬಿಡುವಂತಿಲ್ಲ, ಮನೆಯ ಶುಭಕಾರ್ಯಗಳಿಗೆ ಖಚಿತವಾಗಿ ಬರುತ್ತೇನೆಂದು ಹೇಳುವಂತಿಲ್ಲ. ಆದ್ದರಿಂದ ಕಾಯುವ ಗಂಟೆಗಳಿಗೂ ಮಿತಿ ಮತ್ತು ಮೌಲ್ಯ ಇರಬೇಕೆಂಬುದು ಅವುಗಳ ಬೇಡಿಕೆ.

ನಿಲ್ದಾಣದಲ್ಲಿ ಕಾಯುವುದನ್ನು ಕರ್ತವ್ಯವೆಂದು ಪರಿಗಣಿಸುವ ವಿಷಯದಲ್ಲಿ ಅಂತರರಾಷ್ಟ್ರೀಯ ನಿಯಮಗಳು ಬಹುಮಟ್ಟಿಗೆ ಒಮ್ಮತಕ್ಕೆ ಬಂದಿವೆ. ಮನೆಯಲ್ಲಿ ಕಾಯುವುದರ ಲೆಕ್ಕ ಮತ್ತು ಅದಕ್ಕೆ ನೀಡಬೇಕಾದ ವೇತನ ದೇಶದಿಂದ ದೇಶಕ್ಕೆ, ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗುತ್ತದೆ. ಭಾರತದ ನಿಯಮಾವಳಿಯು ಕರ್ತವ್ಯ ಮತ್ತು ವಿಶ್ರಾಂತಿಯ ಗಂಟೆಗಳನ್ನು ವಿವರವಾಗಿ ನಿಗದಿಪಡಿಸಿದೆ. ಆ ಗಂಟೆಗಳನ್ನು ಪಾಲಿಸಲು ಪ್ರತಿ ನೆಲೆಯಲ್ಲಿಯೂ ಬೇಕಾಗುವ ಮೀಸಲು ಪೈಲಟ್‌ಗಳನ್ನು ಒದಗಿಸುವ ಹೊಣೆ ವಿಮಾನಯಾನ ಸಂಸ್ಥೆಗಳದ್ದಾಗಿದೆ.